ಹವಾ ಬದಲಾವಣೆ

ಸೊಸೆ ಮೈಸೂರಿನಿಂದ ತಂದ ದಪ್ಪ ಕೋಟನ್ನು ನನ್ನ ಮಡಿಲಿಗೆ ಹಾಕಿ, ತೊಟ್ಟು ನೋಡಿ ಎಂದು ಹೇಳಿ ಒಳಗೆ ಹೋದಳು. ಇನ್ನೂ ಪ್ಲಾಸ್ಟಿಕ್ ಚೀಲದ ವಾಸನೆ ಬಿಟ್ಟಿರಲಿಲ್ಲ. ಒಂದು ತೋಳಿಗೆ ಕೈ ತೂರಿಸಿದೆ. ಇನ್ನೊಂದು ತೋಳನ್ನು ಹುಡುಕುವಷ್ಟರಲ್ಲಿ ಸಾಕಾಗಿಹೋಯಿತು. ಹಾಗೇ ಅರ್ಧ ಕೋಟಿನಲ್ಲಿ ಕುಳಿತಿದ್ದೇನೆ. ಮಗನೂ ಸೊಸೆಯೂ ಯಾವುದೋ ಉತ್ತರದ ಸಮುದ್ರದಲ್ಲಿ ಹಡಗು ಹತ್ತಿ, ಹಿಮದ ಬೆಟ್ಟಗಳನ್ನು ನೋಡಿಕೊಂಡು ಬರುತ್ತಾರಂತೆ. ನಾನೂ ಜೊತೆಗೆ ಹೋಗಬೇಕಂತೆ. ಗೊಬ್ಬರದ ಅಂಗಡಿ ನಡೆಸುವ ಮಗನಿಗೆ ಈ ಆಸೆ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ನನಗೂ ಗೊತ್ತಿಲ್ಲ. ಬರುವುದಿಲ್ಲ ಅಂದುಬಿಡೋಣವೆಂದು ತೀರ್ಮಾನಿಸಿಯೂ ಆಗಿದೆ. ನೋಡಬಾರದೆಂದಲ್ಲ. ಹೊರಡುವುದು ಎಂಬ ಮಾತು ಕೇಳಿದರೇ ನನಗೆ ಆಯಾಸ.

ಈ ಆಯಾಸ ವಯಸ್ಸಿನದಲ್ಲ, ಬಹಳ ಹಳೆಯದು. ಹಡಗಿನ ಪ್ರಯಾಣಕ್ಕೆ ಒಮ್ಮೆ ಗಂಟುಮೂಟೆ ಕಟ್ಟಿದವಳು ನಾನು. ನನಗಲ್ಲ, ನನ್ನ ಅತ್ತೆಗೆ. ಐವತ್ತರ ದಶಕದ ಮಾತು. ಹುಣಸೂರಿನ ಈ ಮನೆಗೆ ಸೊಸೆಯಾಗಿ ಬಂದು ಹೆಚ್ಚು ದಿನವಾಗಿರಲಿಲ್ಲ. ಮಾವನವರದು ಪೇಟೆಯಲ್ಲಿ ಅಕ್ಕಿ, ಬೆಲ್ಲ, ಹೊಗೆಸೊಪ್ಪಿನ ಮಂಡಿ. ಕೊಡಗಿನ ಕಡೆಯ ಕಾಫಿ ತೋಟದ ಒಬ್ಬ ಬಿಳಿಯ ದೊರೆಗೆ ವರ್ಷಗಟ್ಟಲೆ ಸಾಮಾನು ಕಳಿಸುತ್ತಿದ್ದರು. ಆತ ತೋಟ ಮಾರಿ ತನ್ನ ದೇಶಕ್ಕೆ ಹೋದ ಮೇಲೆ, ಹೆಂಡತಿಯನ್ನು ಕರೆದುಕೊಂಡು ಹಡಗಿನಲ್ಲಿ ಬನ್ನಿ, ನಮ್ಮಲ್ಲಿ ಬೇಸಿಗೆಯೂ ತಂಪು, ಸುಮ್ಮನೆ ಇದ್ದು ನೋಡಿಕೊಂಡು ಹೋಗಿ ಎಂದು ಹೇಳಿ ಕಳಿಸಿದ. ಮಾವನೊಬ್ಬರೇ ಆಗಿದ್ದರೆ ನಕ್ಕು ಮರೆತುಬಿಡುತ್ತಿದ್ದರೇನೋ. ಅತ್ತೆ ಮರೆಯಲಿಲ್ಲ.

ಅತ್ತೆ ಹುಟ್ಟಿದ್ದು ಪಿರಿಯಾಪಟ್ಟಣ, ಕೊಟ್ಟಿದ್ದು ಹುಣಸೂರು. ಅವರ ಪ್ರಪಂಚವೆಂದರೆ ಆ ಎರಡು ಊರುಗಳ ನಡುವಿನ ರಸ್ತೆ, ಅಪರೂಪಕ್ಕೊಮ್ಮೆ ನಂಜನಗೂಡು. ಹೊಳೆಯೆಂದರೆ ಲಕ್ಷ್ಮಣತೀರ್ಥ, ಅದೂ ಬೇಸಿಗೆಯಲ್ಲಿ ಸೀರೆಯ ನೆರಿಗೆ ನೆನೆಯದಂತೆ ದಾಟಬಹುದಾದಷ್ಟು. ಒಂದು ಮಧ್ಯಾಹ್ನ ಅವರೆಕಾಯಿ ಸುಲಿಯುತ್ತಾ ಕುಳಿತಿದ್ದಾಗ, ತಲೆಯೆತ್ತದೆಯೇ ನನಗೆ ಹೇಳಿದರು: "ಆಚೆ ದಡ ಕಾಣ್ದಿರೋ ನೀರ ಒಂದ್ಸಲ ನೋಡ್ಬೇಕು ಕಣವ್ವ. ನೋಡ್ಬುಟ್ಟು ಬಂದ್ಬುಡ್ತೀನಿ. ಇನ್ನೇನೂ ಬ್ಯಾಡ." ಅಲ್ಲಿಯವರೆಗೆ ಆ ಮನೆಯಲ್ಲಿ ಏನನ್ನೂ ಬೇಕು ಅಂದವರಲ್ಲ ಅವರು. ಮಾವ ಒಪ್ಪಿದರು, ಬೊಂಬಾಯಿಯ ಏಜೆಂಟನಿಗೆ ಹೇಳಿ ಹಡಗಿನಲ್ಲಿ ಜಾಗವನ್ನೂ ಹಿಡಿಸಿದರು.

ಗಂಟು ಕಟ್ಟುವುದು ನನ್ನ ಪಾಲಿಗೆ ಬಂತು. ಅಲ್ಲಿ ಚಳಿ ಎಷ್ಟಿರುತ್ತದೆಂದು ಯಾರಿಗೂ ತಿಳಿಯದು. ನಮ್ಮ ಕಡೆಯ ಅಳತೆಗೆ ಚಳಿ ಎಂದರೆ ಮಡಿಕೇರಿ. ಅದಕ್ಕಿಂತ ಮುಂದಕ್ಕೆ ಯೋಚನೆ ಓಡುತ್ತಿರಲಿಲ್ಲ. ಮಡಿಕೇರಿಗೆ ಒಂದು ಕಂಬಳಿಯಾದರೆ ಅಲ್ಲಿಗೆ ಎರಡಿರಲಿ ಎಂದರು ಮಾವ. ಮೂರಿರಲಿ ಎಂದರು ಅತ್ತೆ. ದರ್ಜಿ ಹೆಂಗಸರ ಕೋಟು ಹೊಲಿದವನಲ್ಲ. ಮಾವನ ಕೋಟನ್ನೇ ಮುಂದಿಟ್ಟುಕೊಂಡು ಹೊಲಿದ, ಎದೆಯ ಮೇಲೆ ಪೆನ್ನು ಸಿಕ್ಕಿಸುವ ಜೇಬೂ ಬಂತು. ಸೆರಗು ಕೋಟಿನ ಒಳಗೋ ಹೊರಗೋ ಎಂಬುದೇ ಒಂದು ದೊಡ್ಡ ಚರ್ಚೆಯಾಯಿತು. ಲಿಂಗವಂತರ ಮನೆ ನಮ್ಮದು. ಹಡಗಿನ ಅಡುಗೆ ಮುಟ್ಟುವಂತಿಲ್ಲ. ಹಾಗಾಗಿ ಹುರಿಹಿಟ್ಟು, ಅವಲಕ್ಕಿ, ಕೊಬ್ಬರಿ, ಉಪ್ಪಿನಕಾಯಿಯ ಭರಣಿ, ಪೂಜೆಗೆ ವಿಭೂತಿ. ಬೆಳಿಗ್ಗೆ ಕಟ್ಟಿದ ಟ್ರಂಕನ್ನು ಸಂಜೆ ಅತ್ತೆ ಬಿಚ್ಚಿಸುವರು. ಕಂಬಳಿ ಮೇಲಿರಬೇಕೋ ಅವಲಕ್ಕಿ ಮೇಲಿರಬೇಕೋ, ಮೊದಲು ಬರುವುದು ಚಳಿಯೋ ಹಸಿವೋ ಎಂದು ಅವರಿಗೆ ಅನುಮಾನ. ಮರುದಿನ ಮತ್ತೆ ಕಟ್ಟಬೇಕು. ಆ ದಿನಗಳಲ್ಲಿ ನನ್ನ ಸೊಂಟ ನೆಟ್ಟಗಾದದ್ದೇ ನೆನಪಿಲ್ಲ.

ಇಷ್ಟರಲ್ಲಿ ಊರು ವಿಚಾರಿಸತೊಡಗಿತ್ತು. ನಮ್ಮ ಕಡೆ ಯಾರೂ ಕಾರಣವಿಲ್ಲದೆ ಮನೆ ಬಿಟ್ಟು ಹೊರಡುತ್ತಿರಲಿಲ್ಲ. ಮದುವೆ, ಸಾವು, ಕೋರ್ಟು, ಇಲ್ಲವೇ ದೇವರು. ಮೊದಮೊದಲು ಮಾವ, ಸುಮ್ಮನೆ ಹೋಗುತ್ತಿದ್ದೇವೆ ಎಂದರು. ಕೇಳಿದವರು ನಂಬದೆ, ನಿಜವಾದ ಉತ್ತರಕ್ಕಾಗಿ ಮಂಡಿಯ ಮುಂದೆ ಕಾದು ನಿಲ್ಲುತ್ತಿದ್ದರು. ಮಾವನಿಗೂ ಬೇಸರ ಬಂತು. ಸ್ವಲ್ಪ ಗತ್ತೂ ಇರಲಿ ಎಂದು, "ತಂಪು ದೇಶಕ್ಕೆ ಕಣ್ರೀ, ಹವಾ ಬದಲಾವಣೆಗೆ" ಎನ್ನತೊಡಗಿದರು. ಆ ಮಾತನ್ನು ಎಲ್ಲಿ ಕೇಳಿದ್ದರೋ ಏನೋ. ಈಗಿನವರಿಗೆ ಬಿಡಿಸಿ ಹೇಳಬೇಕು: ಆ ಕಾಲದಲ್ಲಿ ಹವಾ ಬದಲಾವಣೆ ಎಂದರೆ ಕ್ಷಯ. ಕಾಯಿಲೆಯ ಹೆಸರೆತ್ತಲು ಹೆದರಿ ಜನ ಹಾಗೆನ್ನುತ್ತಿದ್ದರು. ಎದೆಯ ರೋಗದವರನ್ನು ತಂಪು ಜಾಗಕ್ಕೆ ಕಳಿಸುವುದು ವಾಡಿಕೆಯಾಗಿತ್ತು. ದರ್ಜಿಯ ಅಂಗಡಿಯಲ್ಲಿ ಉಣ್ಣೆಯ ಕೋಟು ನೇತಾಡುವುದನ್ನು ಊರೆಲ್ಲ ನೋಡಿತ್ತು. ಮಾವ ದಿನವೂ ಮಂಡಿಯಲ್ಲಿ ಗಟ್ಟಿಮುಟ್ಟಾಗಿ ಕಾಣುತ್ತಿದ್ದರು. ಹಾಗಾದರೆ ಕಾಯಿಲೆ ಒಳಗಿರುವ ಹೆಂಗಸಿಗೇ ಎಂದು ಜನ ತೀರ್ಮಾನಿಸಿದರು.

ನನ್ನ ನಾದಿನಿ ಗಿರಿಜೆಗೆ ಭೇರ್ಯದಲ್ಲಿ ಗಂಡು ಗೊತ್ತಾಗಿತ್ತು. ಅಪ್ಪ ಅಮ್ಮ ಹಡಗಿನಿಂದ ಬಂದ ಮೇಲೆ ಮದುವೆ ಎಂದು ಮಾತಾಗಿತ್ತು. ಹುಡುಗಿ ಮನಸಾರೆ ಒಪ್ಪಿದ್ದಳು. ಭೇರ್ಯ ಎಂಬ ಶಬ್ದ ಕಿವಿಗೆ ಬಿದ್ದರೂ ಬಾಗಿಲಿಗೆ ಬರುತ್ತಿದ್ದಳು. ಒಂದು ದಿನ ಗಂಡಿನ ಸೋದರತ್ತೆ, ಸಂತೆಗೆ ಬಂದಿದ್ದೆ, ಹಾಗೇ ನೋಡಿಹೋಗೋಣವೆಂದು ಬಂದೆ ಎಂದು ಒಳಗೆ ಬಂದರು. ಕೈಯಲ್ಲಿ ಸಂತೆಯ ಚೀಲವಿರಲಿಲ್ಲ. ಆ ಹೊತ್ತಿಗೇ ಅತ್ತೆ ಹಡಗಿಗೆಂದು ಚಟ್ನಿಪುಡಿ ಮಾಡಲು ಮೆಣಸಿನಕಾಯಿ ಹುರಿಯುತ್ತಿರಬೇಕೆ! ಘಾಟು ಮನೆಯೆಲ್ಲ ತುಂಬಿತ್ತು. ಅತ್ತೆ ಕಣ್ಣು ಕೆಂಪಗೆ ಮಾಡಿಕೊಂಡು, ಸೆರಗನ್ನು ಬಾಯಿಗೊತ್ತಿ ಕೆಮ್ಮುತ್ತಾ ಹೊರಗೆ ಬಂದರು. ನಾನೂ ಕೆಮ್ಮಿದೆ, ಗಿರಿಜೆಯೂ ಕೆಮ್ಮಿದಳು, ಬಂದಾಕೆಯೂ ಕೆಮ್ಮಿದರು. ಲೆಕ್ಕಕ್ಕೆ ಬಂದದ್ದು ಅತ್ತೆಯ ಕೆಮ್ಮೊಂದೇ. ಕೊಟ್ಟ ಕಾಫಿಯನ್ನು ಆಕೆ ಮುಟ್ಟಲಿಲ್ಲ. ಹೊರಡುವಾಗ ಬಹಳ ಮೆತ್ತಗೆ ಹೇಳಿದರು: "ಮೊದ್ಲು ನೀವು ಉಸಾರಾಗಿ ಬನ್ರವ್ವ. ಮದ್ವೆ ಎಲ್ಲಿಗ್ ಓದದು."

ಮಾವ ಕೂಗಾಡಿದರು. ಡಾಕ್ಟರನ್ನು ಕರೆಸಿ ಎದೆ ನೋಡಿಸಿ ಊರಿಗೆಲ್ಲ ಹೇಳಿಸುತ್ತೇನೆ ಎಂದರು. ಡಾಕ್ಟರು ಬಾಗಿಲಿಗೆ ಬಂದರೆಂದರೆ ಕಥೆ ಮುಗಿದಂತೆಯೇ ಎಂದು ಅತ್ತೆ ತಡೆದರು. ತೀರ್ಥಯಾತ್ರೆ ಅಂತ ಹೇಳಿಬಿಡೋಣ ಎಂದು ನಾನೊಂದು ಬುದ್ಧಿವಂತಿಕೆ ತೋರಿಸಿದೆ. ಬಿಳಿಯರ ದೇಶದಲ್ಲಿ ಯಾವ ಗುಡಿ ಎಂದು ಕೇಳಿದರೆ ಏನನ್ನಲಿ ಎಂದು ಮಾವ ನನ್ನ ಮೇಲೇ ರೇಗಿದರು. ಗಿರಿಜೆ ಊಟ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿದಳು. ಸಂಜೆ ಅತ್ತೆ ಟ್ರಂಕಿನ ಮುಂದೆ ಕುಳಿತು ನನ್ನನ್ನು ಕರೆದರು.

"ಬಿಚ್ಚವ್ವ," ಎಂದರು. "ನಾನು ಕೆಮ್ಮಲ್ಲ ಅಂತ ಊರ್ಗೆ ತೋರುಸ್ಬೇಕು ಅಂದ್ರೆ ಊರಲ್ಲೇ ಇರ್ಬೇಕಲ್ವಾ."

ಬಿಚ್ಚಿದೆ. ಅಷ್ಟು ದಿನ ಕಟ್ಟಿ ಬಿಚ್ಚಿ ಕಟ್ಟಿದ್ದರಲ್ಲಿ ಆಗದ ದಣಿವು ಆ ಒಂದು ಸಲ ಆಯಿತು. ಕಂಬಳಿಗಳು ಅಟ್ಟ ಸೇರಿದವು. ಹುರಿಹಿಟ್ಟನ್ನು ಮನೆಮಂದಿಯೆಲ್ಲ ತಿಂದು ಮುಗಿಸಿದೆವು.

ಮರುದಿನದಿಂದ ಅತ್ತೆ ಜಗುಲಿಯಲ್ಲಿ ಕುಳಿತರು. ಅದುವರೆಗೆ ಬೀದಿಗೆ ಮುಖಕೊಟ್ಟು ಕುಳಿತವರೇ ಅಲ್ಲ. ಈಗ ಅಕ್ಕಿ ಆರಿಸುವುದು, ಹೂ ಕಟ್ಟುವುದು, ಬತ್ತಿ ಹೊಸೆಯುವುದು ಎಲ್ಲ ಅಲ್ಲೇ. ಬಸ್ಸಿನ ಧೂಳು ಏಳುತ್ತಿತ್ತು. ಮಂಡಿಯ ಕಡೆಯಿಂದ ಹೊಗೆಸೊಪ್ಪಿನ ಘಾಟು ಬರುತ್ತಿತ್ತು. ದಾರಿಯಲ್ಲಿ ಹೋಗುವ ಗಂಡಸರೇ ಕೆಮ್ಮುತ್ತಿದ್ದರು. ಅತ್ತೆ ಕೆಮ್ಮಲಿಲ್ಲ. ಬಂದದ್ದನ್ನು ನುಂಗುತ್ತಿದ್ದರು, ಕತ್ತಿನ ನರ ಉಬ್ಬಿ ಇಳಿಯುವುದು ಪಕ್ಕದಲ್ಲಿದ್ದ ನನಗೆ ಮಾತ್ರ ಕಾಣುತ್ತಿತ್ತು. ಮಳೆಗಾಲದಲ್ಲಿ ನಿಜವಾಗಿಯೇ ನೆಗಡಿಯಾದಾಗ ಒಂದು ಚೂರು ಶುಂಠಿ ಬಾಯಲ್ಲಿಟ್ಟುಕೊಂಡು, ಹೋಗಿಬರುವವರನ್ನೆಲ್ಲ ನಗುತ್ತಾ ಮಾತಾಡಿಸಿದರು. ಅಂಥ ದಣಿದ ನಗುವನ್ನು ನಾನು ಆಮೇಲೆ ಯಾರ ಮುಖದಲ್ಲೂ ನೋಡಿಲ್ಲ. ಊರು ನೋಡಿತು, ಕೊನೆಗೆ ಒಪ್ಪಿತು. ಭೇರ್ಯದವರು ಮತ್ತೆ ಹೇಳಿ ಕಳಿಸಿದರು.

ಮನೆಯ ಮುಂದೆ ಚಪ್ಪರ ಹಾಕಿ ಮದುವೆಯಾಯಿತು. ಸೌದೆ ಒಲೆಗಳ ಹೊಗೆಯಲ್ಲೂ ಅತ್ತೆ ಬೀಗರ ಮುಂದೆ ಓಡಾಡಿದರು. ಗಿರಿಜೆಯನ್ನು ಕರೆದೊಯ್ದ ಬಸ್ಸು ತಿರುವಿನಲ್ಲಿ ಮರೆಯಾದ ಮೇಲೆ ಅವರು ಕಾಣಲಿಲ್ಲ. ಹುಡುಕಿಕೊಂಡು ಹಿತ್ತಲಿಗೆ ಹೋದೆ. ಕೊಟ್ಟಿಗೆಯ ಗೋಡೆಗೆ ಕೈಯೂರಿ ನಿಂತು ಕೆಮ್ಮುತ್ತಿದ್ದರು. ಅಷ್ಟು ತಿಂಗಳು ನುಂಗಿದ್ದೆಲ್ಲ ಬರುತ್ತಿತ್ತು. ನಡುನಡುವೆ ಅಳುವೂ ಇತ್ತು. ಬೆನ್ನು ನೀವಿದೆ. "ಇನ್ನು ಯಾರ್ಗ್ ಎದುರ್ಕಬೇಕು ಬುಡವ್ವ," ಎಂದು ಇನ್ನಷ್ಟು ಕೆಮ್ಮಿದರು. ನನಗೂ ಅಳು ತಡೆಯಲಾಗಲಿಲ್ಲ.

ಹಡಗಿನ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಆ ದೊರೆ ತೀರಿಹೋದನೆಂದು ಸುದ್ದಿ ಬಂತು. ಅತ್ತೆ ಸಮುದ್ರ ನೋಡದೆಯೇ ಹೋದರು. ಕಾಯಿಲೆಯಿಂದಲ್ಲ, ವಯಸ್ಸಾಗಿ. ಇದನ್ನು ಬಿಡಿಸಿ ಹೇಳಲೇಬೇಕು ಎಂದು ಇವತ್ತಿಗೂ ನನಗೆ ಅನ್ನಿಸುತ್ತದಲ್ಲ, ನೋಡಿ, ಊರಿನ ಹೆದರಿಕೆ ಎಷ್ಟು ಒಳಗೆ ಇಳಿದಿದೆ ಎಂದು.

ಇದನ್ನೆಲ್ಲ ಯೋಚಿಸುತ್ತಾ ಕುಳಿತಿರುವಾಗ ಗೇಟಿನ ಬಳಿ ಮಾತು ಕೇಳಿಸಿತು. ಎದುರು ಮನೆಯಾಕೆ, ಈ ವಯಸ್ಸಿನಲ್ಲಿ ಅವರನ್ನು ಅಂಥ ಚಳಿಗೆ ಯಾಕೆ ಕರೆದುಕೊಂಡು ಹೋಗುತ್ತೀರಿ ಎಂದು ಸೊಸೆಯನ್ನು ಕೇಳುತ್ತಿದ್ದಳು. ಪಾಪ, ಸೊಸೆ ಕಾರಣ ಹುಡುಕುತ್ತಿದ್ದಳು. ಮೊಣಕಾಲು ನೋವಿಗೆ ತಂಪು ಹವೆ ಒಳ್ಳೆಯದಂತೆ ಎಂದೇನೋ ಶುರುಮಾಡಿದ್ದಳು. ನಾನು ಕುಳಿತಲ್ಲಿಂದಲೇ ಅವಳನ್ನು ಕೂಗಿದೆ.

"ಕಾಯಿಲೆ ಪಾಯಿಲೆ ಏನೂ ಇಲ್ಲ ಕಣಮ್ಮ. ಅತ್ತೆಗೆ ಆಚೆ ದಡ ಕಾಣ್ದಿರೋ ನೀರ ನೋಡ್ಬೇಕಂತೆ ಅನ್ನು, ಸಾಕು."

ಸೊಸೆ ಅರ್ಧ ಮಾತು ಅಲ್ಲೇ ಬಿಟ್ಟು ಒಳಗೆ ಬಂದಳು. ಹಾಗಾದರೆ ಬರುತ್ತೀರಾ ಎಂದು ಕೇಳಿದಳು.

"ಬತ್ತೀನಿ," ಎಂದೆ. "ಗಂಟು ಮಾತ್ರ ನೀನೇ ಕಟ್ಟು. ಅದು ಇನ್ನು ನನ್ ಕೈಲಾಗಲ್ಲ."