ಸೋಮವಾರ ನಡುಗದ ವ್ಯಾನು

ಮೊನ್ನೆ ಶನಿವಾರ ವ್ಯಾನಿನ ಮುಂದಿನ ಸೀಟು ಎತ್ತಿ ಒಳಗಿನ ಧೂಳು, ಒಣಗಿದ ಎಲೆ ತೆಗೆಯುತ್ತಿದ್ದೆ. ಎಂಜಿನ್ನಿನ ಬದಿಯ ಸಂದಿಯಲ್ಲಿ ಏನೋ ಹೊಳೆಯಿತು. ಉಗುರಿನಿಂದ ಕೆರೆದು ತೆಗೆದರೆ ತಾರ್ಲೆ ಮೀನಿನ ಹುರುಪೆ. ಇಷ್ಟು ವರ್ಷದ ಮೇಲೆ ವಾಸನೆ ಎಲ್ಲಿಂದ ಇರಬೇಕು ಎಂದು ಮೂಗಿಗೆ ಹಿಡಿದೆ. ಇತ್ತು. ಅಂಗಳದಲ್ಲಿ ಒಬ್ಬಳೇ ಕುಳಿತು ನಗತೊಡಗಿದೆ. ಯಜಮಾನರು ಒಳಗಿನಿಂದ "ಏನಾಯ್ತೇ?" ಅಂದರು. "ವೈನಿ ಸಿಕ್ಕಿದ್ರು" ಅಂದೆ.

ವೈನಿ ಅಂದರೆ ನಮ್ಮ ಬಾಜುಮನೆಯವರು. ಸ್ವಂತ ಅತ್ತಿಗೆಯಲ್ಲ. ಬೈತಖೋಲದ ನಮ್ಮ ಓಣಿಗೇ ಅವರು ವೈನಿ. ಬೆಳಿಗ್ಗೆ ಬಂದರಿನಲ್ಲಿ ಹರಾಜಿಗೆ ನಿಂತು ಮೀನು ಕೊಂಡು, ಅಂಕೋಲೆಗೆ ಒಯ್ದು ಮನೆ ಮನೆಗೆ ಮಾರುವುದು ಅವರ ಕೆಲಸ. ನಾನು ಅಂಕೋಲೆಯ ಶಾಲೆಯಲ್ಲಿ ಅಕ್ಕೋರು. ಬಸ್ಸಿನಲ್ಲಿ ಮೀನಿನ ಬುಟ್ಟಿ ಕಂಡರೆ ಜನ ಮೂಗು ಮುಚ್ಚಿಕೊಳ್ಳುತ್ತಾರೆ, ವೈನಿ ಅವರ ಮೂಗಿನ ಬಗ್ಗೆಯೇ ಮಾತು ತೆಗೆಯುತ್ತಾರೆ, ಅಂಕೋಲೆ ಬರುವವರೆಗೂ ಜಗಳ. ಅದಕ್ಕೇ ನಾನು ವ್ಯಾನು ಕೊಂಡ ಮಾರನೆಯ ದಿನವೇ ಅವರು ಬುಟ್ಟಿ ಸಮೇತ ಬಂದು ಬಾಗಿಲಲ್ಲಿ ನಿಂತಿದ್ದರು. "ಅಕ್ಕೋರೆ, ಒಬ್ಬರೇ ಹೋದ್ರೆ ಪೆಟ್ರೋಲು ದಂಡ ಅಲ್ಲ?" ಎಂದು ನನ್ನ ಒಳ್ಳೆಯದಕ್ಕೇ ಬಂದವರಂತೆ ಕೇಳಿದ್ದರು.

ಎಂಜಿನ್ನು ಮುಂದಿನ ಸೀಟಿನ ಅಡಿಯಲ್ಲೇ ಇರುವ ಹಳೆಯ ಪೆಟ್ರೋಲ್ ವ್ಯಾನು ಅದು. ಇಬ್ಬರ ಸೀಟಿನ ನಡುವೆ ಬುಟ್ಟಿ, ಬುಟ್ಟಿಯಲ್ಲಿ ಮೀನು, ಮೀನಿನ ಮೇಲೆ ಪುಡಿ ಐಸು, ಅದರ ಮೇಲೆ ವೈನಿಯ ಕೈ. ಇನ್ನೊಂದು ಕೈ ಮಾತಾಡಲಿಕ್ಕೆ. ಬಿಣಗಾದಿಂದ ಅಂಕೋಲೆಯವರೆಗೆ ಯಾವ ಮನೆಯ ಸೊಸೆಗೆ ಯಾವ ಮೀನು ಸೇರುವುದಿಲ್ಲ ಎಂಬುದೆಲ್ಲ ನನಗೆ ಬಾಯಿಪಾಠವಾಯಿತು. ಶಾಲೆಯಲ್ಲಿ ಮಕ್ಕಳು ನಾನು ಒಳಗೆ ಕಾಲಿಡುವ ಮೊದಲೇ "ಇವತ್ತು ಬಂಗಡೆ" ಎಂದು ಪಿಸುಗುಡುತ್ತಿದ್ದವು. ನಾನೇನೂ ಬೇಜಾರು ಮಾಡಿಕೊಳ್ಳಲಿಲ್ಲ. ಹೆಚ್ಚಾಗಿ ಸರಿಯಾಗಿಯೇ ಹೇಳುತ್ತಿದ್ದವು.

ಆಮೇಲೆ ವ್ಯಾನಿಗೆ ನಡುಕದ ರೋಗ ಹಿಡಿಯಿತು. ಓಡುವಾಗ ಏನೂ ಇಲ್ಲ. ಟೋಲ್ ಗೇಟಿನಲ್ಲೋ, ಲಾರಿಗಳ ಹಿಂದೆಯೋ ನಿಂತರೆ ಸಾಕು, ಚಳಿಜ್ವರ ಬಂದವರ ಹಾಗೆ ಗಡಗಡ. ಸ್ಟಿಯರಿಂಗು, ಕನ್ನಡಿ, ವೈನಿಯ ಬಳೆ ಎಲ್ಲ ಸೇರಿ ಒಂದೇ ಸದ್ದು. ಒಮ್ಮೊಮ್ಮೆ ಎಂಜಿನ್ನು ಬಂದಾಗಿ, ಹಿಂದಿನ ಲಾರಿಯವರು ಹಾರ್ನು ಹೊಡೆದು ಹೊಡೆದು ನನ್ನ ಜೀವ ತಿನ್ನುತ್ತಿದ್ದರು. ಇನ್ನು ಕೆಲವು ದಿನ ಅದೇ ವ್ಯಾನು ಅದೇ ಜಾಗದಲ್ಲಿ ಒಂದಿಷ್ಟೂ ನಡುಗದೆ ನಿಂತಿರುತ್ತಿತ್ತು.

ಯಜಮಾನರಿಗೆ ಮಲ್ಲಾಪುರದಲ್ಲಿ ಡ್ಯೂಟಿ. ಅವರಿಗೆ ಈ ವ್ಯಾನು ಮೊದಲಿನಿಂದಲೂ ಅಷ್ಟಕ್ಕಷ್ಟೆ. "ದಾರಿಯಲ್ಲಿ ಎಲ್ಲಾದರೂ ನಿಂತುಬಿಟ್ಟರೆ ಏನು ಮಾಡ್ತಿ? ಮಲ್ಲಾಪುರದ ಕಾಲೊನಿಯಲ್ಲಿ ಒಬ್ಬರು ಕೇಳ್ತಿದ್ದಾರೆ, ಕೊಟ್ಟುಬಿಡುವ" ಅಂದರು. ನಲವತ್ತು ದಾಟಿದ ಮೇಲೆ, ಎಲ್ಲರೂ ನಗುತ್ತಿರುವಾಗ ಡ್ರೈವಿಂಗ್ ಕಲಿತವಳು ನಾನು. ಆ ವ್ಯಾನು ನನ್ನದು, ನನ್ನ ಸಂಬಳದ್ದು. ಅದು ಹೋದರೆ ನಾನು ಮತ್ತೆ ಬಸ್ಸಿಗೆ, ವೈನಿ ಮತ್ತೆ ಜಗಳಕ್ಕೆ... ಅದನ್ನು ಕೊಡಲು ನನಗೆ ಸುತರಾಂ ಮನಸ್ಸಿರಲಿಲ್ಲ.

ಅಂಕೋಲೆಯ ಗ್ಯಾರೇಜಿಗೆ ಒಯ್ದೆ. ಒಯ್ಯುತ್ತಿದ್ದುದು ಸೋಮವಾರ. ಸೋಮವಾರ ನಮ್ಮ ಕಡೆ ಹೆಚ್ಚಿನ ಮನೆಗಳಲ್ಲಿ ಮೀನು ಮುಟ್ಟುವುದಿಲ್ಲ. ಹಾಗಾಗಿ ಅವತ್ತು ವೈನಿಗೆ ರಜೆ, ಅವರನ್ನು ಪೇಟೆಗೆ ಬಿಡುವ ಕೆಲಸ ನನಗಿಲ್ಲ, ಶಾಲೆಗೆ ಮುಂಚೆ ಪುರಸೊತ್ತು. ಅಲ್ಲಿಯ ಮೆಕ್ಯಾನಿಕ್ ಹುಡುಗ ಪ್ಲಗ್ಗು ಬದಲಿಸಿದ, ಕಾರ್ಬುರೇಟರ್ ಬಿಚ್ಚಿ ತೊಳೆದ, ಎಂಜಿನ್ನು ಚಾಲೂ ಇಟ್ಟು ಕಿವಿಗೊಟ್ಟು ಕುಳಿತ. ವ್ಯಾನು ಹುಂ ಅನ್ನಲಿಲ್ಲ, ಉಹುಂ ಅನ್ನಲಿಲ್ಲ. "ಅಕ್ಕೋರೆ, ಇದ್ಕೆ ಏನೂ ಆಗ್ಲಿಲ್ಲ. ನಿಮ್ಗೇ ಹೆದ್ರಿಕೆ" ಅಂದ. ಮಂಗಳವಾರ ಬೆಳಿಗ್ಗೆ ಟೋಲಿನಲ್ಲಿ ಮತ್ತೆ ಗಡಗಡ.

ವೈನಿ ಇದಕ್ಕೆ ಬೇರೆಯೇ ಕಾರಣ ಕಂಡುಹಿಡಿದಿದ್ದರು. ಹೆಂಗಸು ಗಾಡಿ ಓಡಿಸುವುದು ನೋಡಿ ಓಣಿಯವರ ಕಣ್ಣು ಬಿದ್ದಿದೆ. ಭಾನುವಾರ ಸಂಜೆ ಹಿಡಿ ಉಪ್ಪು, ಒಣಮೆಣಸು ತಂದು ವ್ಯಾನಿಗೆ ಸುತ್ತ ನಿವಾಳಿಸಿ ಒಲೆಗೆ ಹಾಕಿದರು. ಸೋಮವಾರ ನಡುಕ ಇಲ್ಲ. "ನೋಡಿದ್ರಾ?" ಅಂದರು. ಮಂಗಳವಾರ ಬಂತು. "ಉಪ್ಪು ಕಮ್ಮಿಯಾಯ್ತು" ಅಂದರು. ಮುಂದಿನ ಭಾನುವಾರ ಎರಡು ಕೈಯಲ್ಲೂ ಉಪ್ಪು ಹಿಡಿದು ಬಂದರು. ಸೋಮವಾರ ಸರಿ, ಮಂಗಳವಾರ ನಡುಕ. ಹೀಗೇ ನಡೆಯಿತು. ಮೆಣಸಿನ ಘಾಟಿಗೆ ಓಣಿಯವರೆಲ್ಲ ಕೆಮ್ಮಿದರು. "ಕೆಮ್ಮಿದವ್ರದ್ದೇ ದೃಷ್ಟಿ" ಎಂದು ವೈನಿ ಒಬ್ಬೊಬ್ಬರನ್ನೇ ಗುರುತು ಮಾಡಿಕೊಂಡರು.

ವ್ಯಾನು ಕೇಳಿದ್ದ ಮಲ್ಲಾಪುರದವರು ಅದನ್ನು ನೋಡಲು ಭಾನುವಾರ ಬರುವುದೆಂದು ಗೊತ್ತಾಯಿತು. ಅದೇ ವಾರ ಮಂಗಳವಾರ ಶಾಲೆಗೆ ರಜೆ ಸಿಕ್ಕಿತು. ವೈನಿಯನ್ನು ಬಿಡಲೆಂದೇ ಹೊರಟೆ. ಟೋಲಿನಲ್ಲಿ ನಡುಕ ಶುರುವಾದದ್ದೇ ವೈನಿ, "ಇಲ್ಲಿಂದ ಸೀದಾ ಗ್ಯಾರೇಜಿಗೆ ನಡೀರಿ. ಮೀನು ಆಮೇಲೆ ನೋಡ್ಕೊಳ್ಳುವಾ" ಅಂದರು. ಮೀನು ಮಾರುವವರ ಬಾಯಲ್ಲಿ ಬೆಳಿಗ್ಗೆ ಆ ಮಾತು ಬಂದದ್ದು ನಾನು ಅದೊಂದೇ ಸಲ ಕೇಳಿದ್ದು.

ಗ್ಯಾರೇಜಿನ ಎದುರು ವ್ಯಾನು ನಿಂತಲ್ಲೇ ಕುಣಿಯುತ್ತಿತ್ತು. ಮೆಕ್ಯಾನಿಕ್ ಹುಡುಗ ಚಾ ಲೋಟ ಬಿಟ್ಟು ಓಡಿಬಂದ. ಕೊನೆಗೂ ಕಂಡೆನಲ್ಲ ಎಂಬ ಖುಷಿ ಅವನಿಗೆ. ಬುಟ್ಟಿ ಇಳಿಸಿ, ಸೀಟು ಎತ್ತಿ ಬಗ್ಗಿ ನೋಡಿದವನು ಹಾಗೇ ನಗಲು ಶುರುಮಾಡಿದ. ಬುಟ್ಟಿಯ ಐಸು ಕರಗಿ, ಉಪ್ಪುನೀರು ಎಂಜಿನ್ನಿನ ಮುಚ್ಚಳದ ಹರಿದ ರಬ್ಬರಿನ ಸಂದಿಯಿಂದ ಒಂದೊಂದೇ ಹನಿಯಾಗಿ ಪ್ಲಗ್ಗಿನ ವೈರಿನ ಮೇಲೆ ಬೀಳುತ್ತಿತ್ತು. ಒದ್ದೆಯಾದ ವೈರಿನಿಂದ ಕರೆಂಟು ಸೋರಿ ಹೋಗಿ ಎಂಜಿನ್ನು ಒಂದು ಕಾಲು ಕುಂಟುತ್ತಿತ್ತು. ವೈರಿಗೆ ಅಂಟಿಕೊಂಡಿದ್ದ ತಾರ್ಲೆಯ ಹುರುಪೆಯನ್ನು ಬೆರಳ ತುದಿಯಲ್ಲಿ ತೆಗೆದು ಅವನು ವೈನಿಗೆ ತೋರಿಸಿದ.

ವೈನಿ ಅದನ್ನು ನೋಡಿದರು, ಬುಟ್ಟಿಯನ್ನು ನೋಡಿದರು, ನನ್ನನ್ನು ನೋಡಿದರು. "ಅಂದ್ರೆ ದೃಷ್ಟಿ ಹಾಕಿದ್ದು ನಾನೇಯಾ?" ಅಂದರು. ಆಮೇಲೆ ಸೆರಗು ಬಾಯಿಗೆ ಒತ್ತಿ ಎಷ್ಟು ನಕ್ಕರೆಂದರೆ, ಕಣ್ಣಲ್ಲಿ ನೀರು ಬಂದು ಗ್ಯಾರೇಜಿನ ಸ್ಟೂಲಿನ ಮೇಲೆ ಕುಳಿತುಬಿಟ್ಟರು. ಅವತ್ತು ಪೇಟೆ ತಲುಪುವಾಗ ಮೀನು ಅರ್ಧ ಬಾಡಿತ್ತು. ಮಾರನೆಯ ದಿನ ವೈನಿ ತಮ್ಮ ಮದುವೆಗೆ ಉಡುಗೊರೆ ಬಂದಿದ್ದ ಪರಾತ, ಅಂಚಿರುವ ಅಗಲ ತಟ್ಟೆ, ತಂದು ಬುಟ್ಟಿಯ ಅಡಿಗೆ ಇಟ್ಟರು. ನಡುಕ ನಿಂತಿತು.

ಯಜಮಾನರಿಗೆ ವ್ಯಾನು ಸರಿಯಾಯಿತು ಎಂದಷ್ಟೇ ಹೇಳಿದೆ. ಉಪ್ಪುನೀರಿನ ಕತೆ ಹೇಳಿದರೆ ವೈನಿಯನ್ನು ಕಾಡಿಸಿ ಬಿಡುತ್ತಿದ್ದರು. "ಸರಿಯಾದ್ರೆ ಒಳ್ಳೇದೇ ಆಯ್ತು, ಆದ್ರೆ ಮಾತು ಕೊಟ್ಟಾಗಿದೆಯಲ್ಲ" ಅಂದರು. ನಾನು ಬೇಲಿಯ ಹತ್ತಿರ ನಿಂತು ವೈನಿಗೆ ಇದನ್ನು ಹೇಳಿ ಅತ್ತೇ ಬಿಟ್ಟೆ. ಅವರು "ಭಾನುವಾರ ಎಷ್ಟು ಹೊತ್ತಿಗೆ ಬರೂದು ಅವ್ರು?" ಎಂದು ಮಾತ್ರ ಕೇಳಿದರು.

ಮಲ್ಲಾಪುರದವರು ಬಂದು ಓಡಿಸಿ ನೋಡಲು ಕುಳಿತರು. ನಾವು ಗಂಡಹೆಂಡತಿ ಹಿಂದೆ. ಅಷ್ಟರಲ್ಲಿ ವೈನಿ ಬುಟ್ಟಿ ಹಿಡಿದು ಮುಂದಿನ ಸೀಟಿಗೆ ಹತ್ತಿಯಾಯಿತು. "ತೋಡೂರಲ್ಲಿ ನಮ್ಮ ತಂಗಿ ಮನೆ ಅದೆ, ಅಲ್ಲಿವರೆಗೆ ಬರ್ತೆ." ಬುಟ್ಟಿ ಎಂದಿನ ಜಾಗದಲ್ಲಿ ಕುಳಿತಿತು. ಅಡಿಯಲ್ಲಿ ಪರಾತ ಇರಲಿಲ್ಲ. ನಾನು ತಿರುಗಿ ಅವರ ಜಗಲಿಯ ಕಡೆ ನೋಡಿದೆ. ಪರಾತ ಅಲ್ಲಿ ಬಿಸಿಲಿಗೆ ಬೋರಲಾಗಿ ಮಲಗಿತ್ತು.

ದಾರಿಯುದ್ದಕ್ಕೂ ವೈನಿ ವ್ಯಾನನ್ನು ಹೊಗಳಿದ್ದೇ ಹೊಗಳಿದ್ದು. ಆ ಬೆಳಿಗ್ಗೆ ಐಸು ಎಂದಿಗಿಂತ ಹೆಚ್ಚು ತುಂಬಿದ್ದರೆಂದು ಕಾಣುತ್ತದೆ. ತೋಡೂರಿನಲ್ಲಿ ಅವರನ್ನು ಇಳಿಸಲು ನಿಲ್ಲಿಸಿದ್ದೇ, ಮಲ್ಲಾಪುರದವರ ಕನ್ನಡಕ ಮೂಗಿನ ತುದಿಗೆ ಜಾರಿ ಬರುವಷ್ಟು ನಡುಕ. "ನೋಡ್ತೇವೆ, ಆಮೇಲೆ ಹೇಳ್ತೇವೆ" ಎಂದವರು ಮತ್ತೆ ಹೇಳಲೇ ಇಲ್ಲ. ಆ ಸಂಜೆ ನಮ್ಮ ಮನೆಗೆ ತಾರ್ಲೆ ಸಾರು ಬಂತು. ಯಜಮಾನರು ಎರಡು ಸಲ ಹಾಕಿಸಿಕೊಂಡು ಉಂಡರು. ಬೇಲಿಯಾಚೆ ವೈನಿ ಪರಾತ ತಿಕ್ಕುತ್ತಿದ್ದ ಸದ್ದು ಕೇಳಿ ನಾನು ಊಟದ ನಡುವೆ ಎದ್ದು ಅಡಿಗೆಮನೆಗೆ ಹೋಗಿ ನಕ್ಕು ಬಂದೆ. ಎಂಥ ಸುಖದ ಕಾಲ ಅದು...

ವೈನಿ ತೀರಿಹೋದದ್ದು ಹಿಂದಿನ ಮಳೆಗಾಲದಲ್ಲಿ, ದೋಣಿಗಳೆಲ್ಲ ದಡದಲ್ಲಿದ್ದಾಗ. ಅವರ ಸೊಸೆ ಪರಾತ ತಂದು ಕೊಟ್ಟು, "ಇದು ನಿಮ್ಮ ಗಾಡೀದೇ ಅಲ್ಲ, ಅಕ್ಕೋರೆ?" ಅಂದಳು. ವ್ಯಾನಿನಲ್ಲೇ ಇಟ್ಟಿದ್ದೇನೆ. ಹುರುಪೆಯನ್ನೂ ಅದರಲ್ಲೇ ಹಾಕಿದೆ. ಇವತ್ತು ಬುಧವಾರ. ಬೆಳಿಗ್ಗೆ ಟೋಲಿನಲ್ಲಿ ಬಹಳ ಹೊತ್ತು ನಿಲ್ಲಬೇಕಾಯಿತು. ಪಕ್ಕದ ಸೀಟು ಖಾಲಿ, ಪರಾತ ಒಣ, ಎಂಜಿನ್ನು ತಣ್ಣಗೆ ಉಸಿರಾಡುತ್ತಿತ್ತು. ಈಗ ನನ್ನ ವ್ಯಾನಿಗೆ ವಾರವೆಲ್ಲ ಸೋಮವಾರವೇ.