ಅಂಕಲ್ ಪಿಸ್ತೂಲಿನ ಕುಂಕುಮ

ಅಂಕಲ್ ವಾಚನ್ನು ಬಲಗೈಗೆ ಕಟ್ಟುತ್ತಿದ್ದರು. ಸ್ಟೀಲ್ ಚೈನಿನ ಭಾರದ ವಾಚು. ಆ ದಪ್ಪ ಮಣಿಕಟ್ಟಿನ ಮೇಲೆ ಬಿಗಿಯಾಗಿ ಕೂತು, ಬಿಚ್ಚಿದಾಗ ಚರ್ಮದ ಮೇಲೆ ಅಚ್ಚು ಉಳಿಸುತ್ತಿತ್ತು. ಆ ವರ್ಷ ಮಾತ್ರ ಬಳೆಯ ಹಾಗೆ ಜಾರಾಡತೊಡಗಿತು. "ನಿಮ್ಮ ಆಂಟಿ ಅನ್ನ ಬಂದ್ ಮಾಡ್ಯಾಳ, ತಂಗಿ. ಸೊರಗೇನಿ" ಎಂದು ನಕ್ಕರು. ನಾನೂ ನಕ್ಕೆ.

ಡಲ್ಲಾಸ್ ಹತ್ತಿರದ ಲಿಟಲ್ ಎಲ್ಮ್‌ನಲ್ಲಿ ನಮ್ಮ ಮನೆಗೆ ಎದುರು ಮನೆ ಅವರದು. ಧಾರವಾಡದವರು; ಮೈಸೂರಿನವಳಾದ ನನ್ನನ್ನು ಊರ ಹೆಸರಿನಿಂದಲೇ ಕರೆಯುತ್ತಿದ್ದರು. ಹ್ಯೂಸ್ಟನ್ನಿನ ಕ್ಲಿಯರ್ ಲೇಕಿನಲ್ಲಿ ಎಂಜಿನಿಯರಾಗಿದ್ದು ರಿಟೈರಾಗಿ ಬಂದಿದ್ದರು. ಯಂತ್ರ ಎಲ್ಲಿ ಕೆಟ್ಟಿದೆ ಎಂದು ಹುಡುಕುವುದೇ ಅಲ್ಲಿ ಅವರ ಕೆಲಸವಾಗಿತ್ತು. ಡಿವೋರ್ಸ್ ಆಗಿ ಒಬ್ಬಳೇ ಶಿಫ್ಟ್ ಆದ ನನಗೆ ವಾಟರ್ ಹೀಟರ್ ಕೆಟ್ಟರೂ ಅವರೇ ಗತಿ, ಕಾರು ಸ್ಟಾರ್ಟ್ ಆಗದಿದ್ದರೂ ಅವರೇ ಗತಿ. ಬಂದವರು ತಾವು ಮುಟ್ಟುತ್ತಿದ್ದರೇ? ಸ್ಟೂಲ್ ಎಳೆದುಕೊಂಡು ಕೂತು ನನ್ನ ಕೈಯಲ್ಲೇ ಬಿಚ್ಚಿಸುತ್ತಿದ್ದರು. "ಗಡಿಬಿಡಿ ಮಾಡಬ್ಯಾಡ, ಮೈಸೂರು. ಒಂದ್ ಸಲಕ್ಕ ಒಂದೇ ಬದಲು ಮಾಡಬೇಕು. ಎಲ್ಲಿ ಕೆಟ್ಟದ ಅಂತ ತಿಳೀತಂದ್ರ ಅರ್ಧಾ ರಿಪೇರಿ ಆದಂಗ." ಮೈಯೆಲ್ಲ ಉರಿಯುತ್ತಿತ್ತು ನನಗೆ. ಆದರೆ ಉಳಿದವರೆಲ್ಲ ನನ್ನನ್ನು ನೋಡಿ ಅಯ್ಯೋ ಪಾಪ ಅನ್ನುತ್ತಿದ್ದಾಗ ಕೈಗೆ ಸ್ಕ್ರೂಡ್ರೈವರ್ ಕೊಟ್ಟವರು ಅವರೊಬ್ಬರೇ.

ಅವರ ಹತ್ತಿರ ಒಂದು ಪುಟ್ಟ ಪಿಸ್ತೂಲಿತ್ತು. ಕ್ಲಿಯರ್ ಲೇಕಿನ ಗೆಳೆಯರು ಹಚ್ಚಿದ ಚಟ. ಶನಿವಾರ ಬೆಳಿಗ್ಗೆ ಶೂಟಿಂಗ್ ರೇಂಜಿಗೆ ಹೋಗಿ ಕಾಗದದ ಗುರಿಗೆ ಹೊಡೆಯುವುದು, ಬರುತ್ತ ಪಕ್ಕದ ಫ್ರಿಸ್ಕೋದಲ್ಲಿ ದೋಸೆ ತಿನ್ನುವುದು. ನನ್ನನ್ನೂ ಕರೆದುಕೊಂಡು ಹೋಗಿ ಕಲಿಸಿದ್ದರು. ಮೊದಲ ಪಾಠವೇ ಮಣಿಕಟ್ಟು: ಅದು ಗಟ್ಟಿ ನಿಂತರೆ ಮಾತ್ರ ಪಿಸ್ತೂಲಿನ ಮೇಲ್ಭಾಗ ಪೂರ್ತಿ ಹಿಂದೆ ಸರಿದು ಖಾಲಿ ತೋಟಾವನ್ನು ಹೊರಗೆಸೆಯುತ್ತದೆ. ಆಯುಧಪೂಜೆಗೆ ಆಂಟಿ ಕಾರು, ಮಿಕ್ಸರ್, ಲ್ಯಾಪ್‌ಟಾಪಿನ ಸಾಲಿನಲ್ಲಿ ಅದನ್ನೂ ಇಟ್ಟು, ಗುಂಡು ತೆಗೆಸಿ, ಧಾರಾಳವಾಗಿ ಕುಂಕುಮ ಹಚ್ಚುತ್ತಿದ್ದರು. "ನಮ್ಮನ್ಯಾಗ ಖರೇ ಆಯುಧ ಅಂದ್ರ ಇದೊಂದೇ ನೋಡ" ಎನ್ನುತ್ತಿದ್ದರು ಅಂಕಲ್.

ಆ ಸಲ ಹಬ್ಬ ಕಳೆದ ಮೇಲೆ ರೇಂಜಿಗೆ ಹೋದಾಗ ಅದು ಕೆಟ್ಟು ಕೂತಿತು. ಗುಂಡೇನೋ ಹಾರಿತು. ಖಾಲಿ ತೋಟಾ ಹೊರಬೀಳದೆ ಕಿಂಡಿಯಲ್ಲಿ ಸಿಕ್ಕಿ ನೆಟ್ಟಗೆ ನಿಂತಿತು. ತೆಗೆದು ಹೊಡೆದರೆ ಮತ್ತೆ ಅದೇ ಕಥೆ. ಮನೆಗೆ ಬಂದು ಬಿಚ್ಚಿದರೆ ಒಳಗೆಲ್ಲ ಎಣ್ಣೆಯಲ್ಲಿ ಕಲಸಿದ ಕುಂಕುಮ. ಆಂಟಿಯ ಮುಖ ಸಣ್ಣಗಾಯಿತು. ಅಂಕಲ್‌ಗೆ ಮಾತ್ರ ಎಲ್ಲಿಲ್ಲದ ಖುಷಿ. "ಸಿಕ್ಕ ಕಳ್ಳ!" ಎಂದು ತೊಡೆ ತಟ್ಟಿಕೊಂಡರು. ಅಷ್ಟೇಕೆ ಖುಷಿ ಎಂದು ಆಗ ತಿಳಿಯಲಿಲ್ಲ. ಆಮೇಲೆ ಆಂಟಿ ಹೇಳಿದರು: ಆ ತಿಂಗಳು ಅವರ ಬಲಗೈಯಿಂದ ಕಾಫಿ ಲೋಟ ಜಾರಿತ್ತಂತೆ, ಅಂಗಿಯ ಗುಂಡಿ ಆಂಟಿಯೇ ಹಾಕಬೇಕಾಗಿತ್ತಂತೆ. ಇಬ್ಬರೂ ಯಾರಿಗೂ ಹೇಳಿರಲಿಲ್ಲ.

ಕುಂಕುಮ ತೊಳೆದರು, ತೋಟಾ ಮತ್ತೆ ಸಿಕ್ಕಿಕೊಂಡಿತು. ಬೇರೆ ಕಂಪನಿಯ ಗುಂಡು ತಂದರು, ಆಗಲೂ ಸಿಕ್ಕಿಕೊಂಡಿತು. ಪಿಸ್ತೂಲಿನೊಳಗೆ ಗುಂಡು ತುಂಬುವ ಡಬ್ಬಿ ಬದಲಾಯಿತು, ಸ್ಪ್ರಿಂಗ್ ಬದಲಾಯಿತು. ಆಸ್ಟಿನ್ನಿನಿಂದ ಮಗಳು, "ಡ್ಯಾಡ್, ಜಸ್ಟ್ ಸೆಲ್ ಇಟ್" ಎಂದಳು. "ಕೆಟ್ಟ ಮಾಲು ಮಂದಿಗೆ ಮಾರೂದೇನು?" ಎಂದು ರೇಗಿದರು. ಅವರು ರೇಗಿದ್ದನ್ನು ನಾನು ಕಂಡದ್ದು ಆಗೊಮ್ಮೆ ಮಾತ್ರ.

ಕೊನೆಗೊಂದು ಶನಿವಾರ ರೇಂಜಿನಲ್ಲಿ ಪಿಸ್ತೂಲನ್ನು ನನ್ನ ಮುಂದೆ ಇಟ್ಟರು. "ಇನ್ನ ಬದಲು ಮಾಡಲಿಕ್ಕೆ ಒಂದೇ ಉಳದದ. ಕೈ. ನೀ ಹೊಡಿ."

ತಾಯಿ ಚಾಮುಂಡಿ, ಸಿಕ್ಕಿಸಮ್ಮಾ, ಒಂದೇ ಒಂದು ತೋಟಾ ಸಿಕ್ಕಿಸು ಎಂದು ಬೇಡಿಕೊಂಡು ಹೊಡೆದೆ. ಖಾಲಿ ತೋಟಾ ಟಣ್ಣೆಂದು ನೆಲಕ್ಕೆ ಬಿತ್ತು. ಮಣಿಕಟ್ಟು ಸಡಿಲ ಬಿಡೋಣವೇ ಅನ್ನಿಸಿತು. ಅವರು ನನ್ನ ಕೈಯನ್ನೇ ನೋಡುತ್ತಿದ್ದರು, ಗುರುವಿಗೆ ಮೋಸ ಮಾಡಲಾಗಲಿಲ್ಲ. ಡಬ್ಬಿ ಖಾಲಿಯಾಗುವವರೆಗೂ ಒಂದೂ ಸಿಕ್ಕಿಕೊಳ್ಳಲಿಲ್ಲ.

"ಪಿಸ್ತೂಲ್ ಛಲೋ ಅದ" ಎಂದರು ಅಂಕಲ್. ಅವತ್ತು ದೋಸೆಗೆ ನಿಲ್ಲಿಸಲಿಲ್ಲ.

ಡಲ್ಲಾಸಿನ ಡಾಕ್ಟರು ಅನುಮಾನಪಟ್ಟರು, ಹ್ಯೂಸ್ಟನ್ನಿನವರು ಖಾತ್ರಿ ಮಾಡಿದರು. ಸ್ನಾಯುಗಳನ್ನು ಆಡಿಸುವ ನರಗಳು ಒಂದೊಂದಾಗಿ ಸಾಯುವ ರೋಗ. ಗುಣವಾಗುವ ಮಾತೇ ಇಲ್ಲವಂತೆ. ಅಂಕಲ್ ಪಿಸ್ತೂಲನ್ನು ಅಂಗಡಿಗೆ ಮಾರಿದರು, ಈಗ ನಿಶ್ಚಿಂತೆಯಿಂದ.

ಮುಂದಿನ ಆಯುಧಪೂಜೆಗೆ ಆಂಟಿ ವೀಲ್‌ಚೇರಿಗೆ ಕುಂಕುಮ ಹಚ್ಚಿದರು. ಆಮೇಲೆ ಅದರ ಮೇಲೆ ಸತ್ತಂತೆ ಬಿದ್ದಿದ್ದ ಬಲಗೈಗೂ ಹಚ್ಚಲು ಹೋದರು. ಅಂಕಲ್ ಮಾತು ಆಗಲೇ ತೊದಲುತ್ತಿತ್ತು. "ಅದಕ ಬ್ಯಾಡ. ಅದು ರಿಪೇರಿ ಆಗಂಗಿಲ್ಲ" ಎಂದರು. ಆಂಟಿ ಕೇಳಲಿಲ್ಲ, ಹಚ್ಚಿದರು. ಒರೆಸಿಕೊಳ್ಳಲು ಅಂಕಲ್‌ಗೆ ಆಗಲಿಲ್ಲ. ಮತ್ತೊಂದು ನವರಾತ್ರಿ ಬರುವಷ್ಟರಲ್ಲಿ ಅವರೇ ಇರಲಿಲ್ಲ.

ಈಗಲೂ ಮನೆಯಲ್ಲಿ ಏನು ಕೆಟ್ಟರೂ ಸ್ಟೂಲ್ ಎಳೆದುಕೊಂಡು ಕೂತು ಒಂದು ಸಲಕ್ಕೆ ಒಂದೇ ಬದಲು ಮಾಡುತ್ತೇನೆ. ಯಾರನ್ನೂ ಕರೆಯುವುದಿಲ್ಲ. ಎಲ್ಲಿ ಕೆಟ್ಟಿದೆ ಅಂತ ತಿಳಿದರೆ ಅರ್ಧ ರಿಪೇರಿ ಅನ್ನುತ್ತಿದ್ದಿರಲ್ಲ ಅಂಕಲ್, ನೀವು ಹೇಳಿಕೊಟ್ಟಿದ್ದರಲ್ಲಿ ಅದೊಂದು ಸುಳ್ಳು.