ಕಡೆಯ ಗುಳಿಗೆಯಿಂದ ಒಂದು ತಿಂಗಳು

ಇವತ್ತು ಬೆಳಿಗ್ಗೆ ಕನ್ನಡಕ ಹುಡುಕುತ್ತ ಕನ್ನಡಿ ಕಪಾಟಿನ ಕೆಳಗಿನ ಡ್ರಾವರ್ ಎಳೆದೆ. ಕನ್ನಡಕ ಅಲ್ಲಿರಲಿಲ್ಲ, ಎಂದಿನಂತೆ ನನ್ನ ತಲೆಯ ಮೇಲೇ ಇತ್ತು. ಸಿಕ್ಕಿದ್ದು ಕುಂಕುಮದ ಭರಣಿಯಷ್ಟು ಸಣ್ಣದೊಂದು ಸ್ಟೀಲಿನ ಡಬ್ಬಿ. ಮುಚ್ಚಳ ತೆಗೆದರೆ ಹಳೆಯ ತುಪ್ಪದ ಕಮಟು ವಾಸನೆ. ಮೂಗು ಮುಚ್ಚಿಕೊಳ್ಳುವ ಬದಲು ನಾನು ಹಾಗೇ ನೆಲಕ್ಕೆ ಕೂತುಬಿಟ್ಟೆ. ಅದು ಉಣ್ಣುವ ತುಪ್ಪವಲ್ಲ, ನಮ್ಮ ಅಶ್ವಿನಿ ತುಟಿಗೆ ಹಚ್ಚಿಕೊಳ್ಳುತ್ತಿದ್ದ ತುಪ್ಪ.

ಕನ್ನಡಕ ಬೇಕಾಗಿದ್ದು ಒಂದು ಚೀಟಿ ಓದುವುದಕ್ಕೆ. ಪಕ್ಕದ ಮನೆಯ ಸಾನಿಕಾ, ಕಾಲೇಜಿಗೆ ಹೋಗುವ ಹುಡುಗಿ, ಬೆಳಿಗ್ಗೆ ಬಂದು "ಕಾಕು, ನಾಳೆ ಮಿರಜಿಗೆ ಹೋಗ್ತೀರಲ್ರಿ, ಇಷ್ಟ ಗುಳಗಿ ತಂದ ಕೊಡ್ರಿ" ಎಂದು ಡಾಕ್ಟರರ ಚೀಟಿ ಕೈಗಿಟ್ಟು ಓಡಿದ್ದಳು. ಮೊದಲಾಗಿದ್ದರೆ ಓದುವ ಗೋಜಿಗೇ ಹೋಗದೆ ಚೀಲಕ್ಕೆ ಹಾಕಿಕೊಳ್ಳುತ್ತಿದ್ದೆ.

ಆ ಚೀಲದ ಬಗ್ಗೆ ನಿಮಗೆ ಹೇಳಬೇಕು. ನನ್ನ ತವರು ಮಿರಜ, ಗಂಡನ ಮನೆ ಸಾಂಗಲಿ. ಎರಡೂ ಊರು ಎಷ್ಟು ಹತ್ತಿರವೆಂದರೆ ತವರಿಗೆ ಹೋಗುತ್ತೇನೆ ಅಂದರೆ ಯಾರೂ ಕಣ್ಣೀರು ಹಾಕುವುದಿಲ್ಲ, ಬರುವಾಗ ಏನು ತರುತ್ತೀ ಎಂದು ಕೇಳುತ್ತಾರೆ. ಮಿರಜ ಅಂದರೆ ಡಾಕ್ಟರುಗಳ ಊರು. ಸುತ್ತಲಿನ ಹಳ್ಳಿಗಳಿಂದ, ಗಡಿಯಾಚೆಯಿಂದಲೂ ಜನ ಅಲ್ಲಿಗೇ ಬರುತ್ತಾರೆ. ಡಾಕ್ಟರರ ಮುಖ ನೋಡುವುದು ಒಂದೇ ಸಲ. ಆಮೇಲೆ ಅವರು ಬರೆದ ಚೀಟಿ ಮನೆಯ ಆಸ್ತಿ. ಯಾರು ಆ ಕಡೆ ಹೋದರೂ ಅದನ್ನು ತೋರಿಸಿ ಅದೇ ಔಷಧ ತರುತ್ತಾರೆ. ವಾರಕ್ಕೊಮ್ಮೆ ತಾಯಿಯನ್ನು ನೋಡಲು ಹೋಗುವ ನಾನು ನಮ್ಮ ಗಲ್ಲಿಯ ಹತ್ತು ಮನೆಗಳ ಚೀಟಿ ಹೊತ್ತವಳು. ಯಾರದು ಬಿ.ಪಿ., ಯಾರದು ಸಕ್ಕರೆ, ಯಾರಿಗೆ ಮೂಲವ್ಯಾಧಿ ಎಂಬುದು ನನಗೆ ಬಾಯಿಪಾಠ. ನೆಂಟರಲ್ಲಿ ಕೆಲವರು ನನ್ನನ್ನು ಡಾಕ್ಟರೀಣಬಾಯಿ ಎಂದು ಕರೆಯುತ್ತಿದ್ದರು, ನಾನು ಬೇಡವೆನ್ನುವಂತೆ ಕೈ ಆಡಿಸಿ ಒಳಗೊಳಗೇ ಹಿಗ್ಗುತ್ತಿದ್ದೆ. ಆ ಹಿಗ್ಗಿನ ಮೇಲೆ ಈಗ ನನಗೆ ಬರುವಷ್ಟು ಸಿಟ್ಟು ಬೇರೆ ಯಾವುದರ ಮೇಲೂ ಬರುವುದಿಲ್ಲ.

ಅಶ್ವಿನಿ ನಮ್ಮ ಭಾವನವರ ಮಗಳು. ಅವರು ಮೇಲಿನ ಮಹಡಿ, ನಾವು ಕೆಳಗೆ, ಅರಿಷಿಣದ ಅಡತಿ ಅಂಗಡಿ ಇಬ್ಬರದೂ ಸೇರಿ. ಅವಳ ತಾಯಿಗೆ, ಅಂದರೆ ನನ್ನ ನೆಗೆಣ್ಣಿಗೆ, ಆಸ್ಪತ್ರೆಯ ಮೆಟ್ಟಿಲು ಕಂಡರೇ ತಲೆ ತಿರುಗುತ್ತದೆ. ಹೀಗಾಗಿ ಆ ಹುಡುಗಿಯ ಲಸಿಕೆ, ಹಲ್ಲುನೋವು, ಎಲ್ಲದಕ್ಕೂ ನಾನೇ. ಬಿ.ಕಾಂ. ಮುಗಿಯುವ ಹೊತ್ತಿಗೆ ಅವಳ ಮುಖದ ತುಂಬ ಮೊಡವೆ. ಸುಮ್ಮನೆ ಬಂದು ಹೋಗುವ ಮೊಡವೆಯಲ್ಲ, ಕೀವು ತುಂಬಿ, ಗಂಟಾಗಿ, ಗುಳಿ ಬೀಳುವಂಥವು. ಅರಿಷಿಣದ ವ್ಯಾಪಾರದ ಮನೆಯಲ್ಲಿ ಅರಿಷಿಣಕ್ಕೆ ಬರವೇ? ಹಾಲಿನಲ್ಲಿ ತೇಯ್ದು, ಮೊಸರಿನಲ್ಲಿ ಕಲಸಿ, ಆ ಹುಡುಗಿಯನ್ನು ಹಳದಿ ಮಾಡಿದ್ದೇ ಮಾಡಿದ್ದು. ಅಷ್ಟರಲ್ಲಿ ಒಂದು ಗಂಡಿನ ಕಡೆಯವರು ನೋಡಿಹೋಗಿ ಸುದ್ದಿಯನ್ನೇ ಕಳಿಸಲಿಲ್ಲ. ಅವರು ಮುಖದ ಬಗ್ಗೆ ಒಂದಕ್ಷರ ಆಡಿರಲಿಲ್ಲ. ಮೊಡವೆಯೇ ಕಾರಣ ಎಂದು ತೀರ್ಮಾನ ಕೊಟ್ಟವಳು ನಾನು.

ಮಿರಜಿನ ಚರ್ಮದ ಡಾಕ್ಟರರ ಕೋಣೆಯಲ್ಲಿ ಒಂದೇ ಹೊತ್ತಿಗೆ ಮೂರು ಕುಟುಂಬ ನಿಂತಿರುತ್ತಿದ್ದವು. ನಮ್ಮ ಸರದಿ ಬಂದಾಗ ಅವರು ಅಶ್ವಿನಿಯ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದರು. ಪೆನ್ನು ಎತ್ತಿಕೊಂಡು, ಅವಳನ್ನಲ್ಲ, ನನ್ನನ್ನು ನೋಡಿ ಕೇಳಿದರು: "ಲಗ್ನ ಆಗೇದೇನ್ರಿ?"

"ಇಲ್ರಿ, ಇನ್ನೂ ನೋಡಾಕತ್ತೇವಿ" ಎಂದೆ.

ಅಷ್ಟೇ. ಅವರು ತಲೆಯಾಡಿಸಿ ಬರೆದರು. ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ, ತುಟಿ ಒಣಗುತ್ತದೆ, ಬಿಸಿಲಿಗೆ ಹೋಗಬೇಡಿ, ಎಣ್ಣೆ ತಿನಿಸು ಕಡಿಮೆ ಮಾಡಿ. ಎಣ್ಣೆ ತಿನಿಸಿನ ಮೇಲೆ ಅವರು ಬಹಳ ಹೊತ್ತು ಮಾತಾಡಿದರು. ಲಗ್ನದ ಪ್ರಶ್ನೆ ಯಾಕೆ ಕೇಳಿದರು ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ನಮ್ಮಲ್ಲಿ ಲಗ್ನ ಆಗಿದೆಯೇ ಎಂದು ಬಸ್ಸಿನಲ್ಲಿ ಪಕ್ಕಕ್ಕೆ ಕೂತವರೂ ಕೇಳುತ್ತಾರೆ.

ಗುಳಿಗೆ ಕೆಲಸ ಮಾಡಿತು, ಅದನ್ನು ಅಲ್ಲಗಳೆಯಲಾರೆ. ಎರಡು ತಿಂಗಳಲ್ಲಿ ಮುಖ ತಿಳಿಯಾಯಿತು. ಆದರೆ ತುಟಿ ಸೀಳಿ ರಕ್ತ ಒಸರುತ್ತಿತ್ತು, ಅದಕ್ಕೇ ಈ ತುಪ್ಪದ ಡಬ್ಬಿ. ಮೂಗಿನಲ್ಲಿ ರಕ್ತ ಬರುತ್ತಿತ್ತು. ಕಣ್ಣಲ್ಲಿ ಮರಳು ಬಿದ್ದ ಹಾಗೆ ಆಗುತ್ತದೆ ಎನ್ನುತ್ತಿದ್ದಳು. ಇಪ್ಪತ್ತೆರಡರ ಹುಡುಗಿ ಮಹಡಿ ಹತ್ತುವಾಗ ಮೊಣಕಾಲು ಹಿಡಿದುಕೊಳ್ಳುತ್ತಿದ್ದಳು. ಮಾತು ಕಡಿಮೆಯಾಯಿತು, ಸುಮ್ಮಸುಮ್ಮನೆ ಅಳುತ್ತಿದ್ದಳು. ಅಷ್ಟರಲ್ಲಿ ಮಾಲಗಾಂವದ ದ್ರಾಕ್ಷಿ ತೋಟದವರ ಮನೆಗೆ ಸಂಬಂಧ ಕೂಡಿಬಂದಿತ್ತು. ಲಗ್ನ ಗೊತ್ತಾದ ಹುಡುಗಿ, ಮನೆ ಬಿಡುವ ಸಂಕಟ ಎಂದುಕೊಂಡೆವು. ಗುಳಿಗೆಯಿಂದಲೂ ಮನಸ್ಸು ಕುಗ್ಗಬಹುದಂತೆ, ಹಾಗಾದರೆ ಡಾಕ್ಟರರಿಗೆ ತಿಳಿಸಬೇಕಂತೆ. ಇದನ್ನು ಯಾರು ಹೇಳಬೇಕಿತ್ತು, ಯಾವಾಗ ಹೇಳಬೇಕಿತ್ತು? ಎರಡನೇ ಸಲ ರಕ್ತ ಪರೀಕ್ಷೆಯೂ ಆಗಲಿಲ್ಲ. ಯಾಕೆಂದರೆ ಎರಡನೇ ಸಲ ಡಾಕ್ಟರರ ಬಳಿ ಹೋದವರು ಯಾರು? ಹೋದದ್ದು ಚೀಟಿ. ಔಷಧದ ಅಂಗಡಿಯವನು ಅದನ್ನು ದೂರದಿಂದಲೇ ಗುರುತು ಹಿಡಿದು ಪೊಟ್ಟಣ ಕಟ್ಟುತ್ತಿದ್ದ. ಎಷ್ಟು ಸೇವೆ ಮಾಡುತ್ತಾನಪ್ಪಾ ಎಂದು ನಾನು ಅವನನ್ನು ಹೊಗಳುತ್ತಿದ್ದೆ.

ಈಗ ನನ್ನ ಘನಕಾರ್ಯ ಕೇಳಿ. ಲಗ್ನದ ಹಿಂದಿನ ವಾರ ಮದುಮಗಳ ಟ್ರಂಕು ತುಂಬುವ ಕೆಲಸ ನನ್ನದು. ಆ ಟ್ರಂಕನ್ನು ಅತ್ತೆಮನೆಯ ಹೆಂಗಸರೆಲ್ಲ ಸುತ್ತ ಕೂತು ತೆರೆದು ನೋಡುತ್ತಾರೆ, ನಿಮಗೂ ಗೊತ್ತಿರಬಹುದು. ಅದರಲ್ಲಿ ಔಷಧದ ಡಬ್ಬಿ ಕಂಡರೆ? ಹುಡುಗಿಗೆ ಏನೋ ರೋಗ ಇದೆ ಎಂದು ಊರೆಲ್ಲ ಗುಸುಗುಸು. ಆದ್ದರಿಂದ ಮೂರು ತಿಂಗಳಿಗಾಗುವಷ್ಟು ಗುಳಿಗೆ ತಂದು, ಅವುಗಳ ಪೆಟ್ಟಿಗೆ ಹರಿದು, ಒಳಗಿದ್ದ ಮಡಿಸಿದ ಕಾಗದ ಬಿಸಾಕಿ, ಬರೀ ಪಟ್ಟಿಗಳನ್ನು ಬಳೆಯ ಡಬ್ಬಿಯ ತಳಕ್ಕೆ ಜೋಡಿಸಿ, ಮೇಲೆ ಹಸಿರು ಬಳೆ ಮುಚ್ಚಿದೆ. ಎಂಥ ಜಾಣತನ. ಆ ಕಾಗದದಲ್ಲಿ ಏನಿದೆ ಎಂದು ಆಗ ಓದಿದ್ದರೆ ಈ ಪ್ರಬಂಧ ಬರೆಯುವ ಅಗತ್ಯವೇ ಇರುತ್ತಿರಲಿಲ್ಲ.

ಲಗ್ನವಾಗಿ ಎರಡು ತಿಂಗಳಾಗಿರಬೇಕು. ಒಂದು ಮಧ್ಯಾಹ್ನ ಮಾಲಗಾಂವದಿಂದ ಫೋನು ಬಂತು. ಬೀಗತಿ ಸುಶೀಲಾಬಾಯಿ, ಅಶ್ವಿನಿಯ ಅತ್ತೆ. ಆಕೆ ನಾಲ್ಕನೇ ಇಯತ್ತೆಯವರೆಗೆ ಓದಿದ ಹೆಂಗಸು, ಆದರೆ ದ್ರಾಕ್ಷಿ ತೋಟಕ್ಕೆ ಹೊಡೆಯುವ ಔಷಧಗಳ ವಹಿ ಆಕೆಯದೇ. ಬಾಗಿಲ ಪಕ್ಕದ ಮೊಳೆಗೆ ಒಂದು ನೋಟ್‌ಬುಕ್ ತೂಗುಹಾಕಿರುತ್ತಾರೆ. ಯಾವ ದಿನ ಯಾವ ಔಷಧ ಹೊಡೆದದ್ದು, ಹೊಡೆದ ಮೇಲೆ ಎಷ್ಟು ದಿನ ಯಾರೂ ಗೊನೆ ಮುಟ್ಟಬಾರದು, ಕಟಾವಿಗೆ ಎಷ್ಟು ದಿನ ಮೊದಲು ನಿಲ್ಲಿಸಬೇಕು, ಎಲ್ಲ ಅದರಲ್ಲಿ. ಇಲ್ಲವಾದರೆ ಮಾಲು ತಿರುಗಿ ಬರುತ್ತದೆ. ಹೀಗಾಗಿ ಯಾವ ಬಾಟಲಿ ಬಂದರೂ ಅದರ ಮೇಲಿನ ಚಿತ್ರ, ಬಣ್ಣದ ಗುರುತು ನೋಡದೆ ಆಕೆ ಮುಚ್ಚಳ ತೆಗೆಯುವುದಿಲ್ಲ.

ಅವತ್ತು ಸೊಸೆಗೆ ವಾಂತಿ. ಮುಟ್ಟು ತಪ್ಪಿ ಹದಿನೈದು ದಿನ. ಆಕೆ ಖುಷಿಯಿಂದ ಲಿಂಬೆಹಣ್ಣು ಹಿಡಿದು ಒಳಗೆ ಹೋದಾಗ ಅಶ್ವಿನಿ ಬಳೆಯ ಡಬ್ಬಿಯಿಂದ ಗುಳಿಗೆ ತೆಗೆಯುತ್ತಿದ್ದಳು. ಪಟ್ಟಿಯ ಹಿಂದೆ ಕೆಂಪು ಚೌಕದಲ್ಲಿ ಸಣ್ಣ ಅಕ್ಷರ, ಪಕ್ಕಕ್ಕೆ ಬಸುರಿ ಹೆಂಗಸಿನ ಚಿತ್ರ, ಅದರ ಮೇಲೆ ಅಡ್ಡ ಗೀಟು.

"ಇದನ್ನ ನಿಲ್ಲಿಸಿ ಎಷ್ಟ ದಿವಸ ಆತು?" ಇದು ಸುಶೀಲಾಬಾಯಿ ಸೊಸೆಗೆ ಕೇಳಿದ ಮೊದಲ ಮಾತು. ತೋಟದವರ ಮಾತು.

"ನಿಲ್ಲಿಸಿಲ್ರಿ ಅತ್ತಿ. ನಿನ್ನೇನೂ ತಗೊಂಡೇನಿ."

ಆಮೇಲೆ ನನಗೆ ಫೋನು. "ಅಕ್ಕಾರ, ಈ ಗುಳಗಿ ಬಳಿ ಕೆಳಗ ಇಟ್ಟ ಕಳಿಸಿದವ್ರು ಯಾರ್ರಿ?"

"ನಾನ ರಿ" ಎಂದೆ. ಆಕೆ ಬಯ್ಯಲಿಲ್ಲ. ಬಯ್ದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಸಾಂಗಲಿಯ ಹೆರಿಗೆ ಡಾಕ್ಟರು ಹೆಣ್ಣುಮಗಳು. ಎಲ್ಲರನ್ನೂ ಹೊರಗೆ ಕಳಿಸಿ ಅಶ್ವಿನಿ ಮತ್ತು ಅವಳ ಗಂಡನ ಜೊತೆ ಮಾತಾಡಿದರು. ನನ್ನನ್ನೂ ಕಳಿಸುತ್ತಿದ್ದರು, ಅಶ್ವಿನಿ ನನ್ನ ಸೆರಗು ಬಿಡಲಿಲ್ಲ. ಗುಳಿಗೆ ತಕ್ಷಣ ನಿಲ್ಲಿಸಬೇಕು, ಆದರೆ ಆಗಲೇ ಹೊಟ್ಟೆಗೆ ಹೋದದ್ದನ್ನು ಹಿಂದೆ ತೆಗೆಯಲು ಬರುವುದಿಲ್ಲ, ಮಗುವಿನ ತಲೆ, ಹೃದಯ, ಕಿವಿ ಕೆಡುವ ಅಪಾಯ ಸಣ್ಣದಲ್ಲ, ಎಲ್ಲ ಮಕ್ಕಳಿಗೂ ಹಾಗಾಗುತ್ತದೆ ಎಂದೂ ಅಲ್ಲ, ಸ್ಕ್ಯಾನಿನಲ್ಲಿ ಎಲ್ಲವೂ ಕಾಣುವುದೂ ಇಲ್ಲ. ಬಿಡಿಸಿ ಬಿಡಿಸಿ ಹೇಳಿದರು. ಕೊನೆಗೆ "ಈ ಚಿತ್ರಾ ನೀ ನೋಡಿರಲಿಲ್ಲೇನವಾ?" ಎಂದು ಕೇಳಿದರು.

"ನೋಡಿದ್ದೆ ರಿ. ಈ ಗುಳಗಿ ತಗೊಂಡ್ರ ಮಕ್ಕಳಾಗೂದಿಲ್ಲ ಅಂತ ತಿಳಕೊಂಡಿದ್ದೆ. ಸದ್ಯಕ್ಕ ಛಲೋನ ಆತು ಅಂದಕೊಂಡೆ" ಎಂದಳು ಅಶ್ವಿನಿ.

ಪದವಿ ಓದಿದ ಹುಡುಗಿ. ಅವಳ ತಪ್ಪೆಂದು ಯಾರಾದರೂ ಅಂದರೆ ನಾನು ಇವತ್ತಿಗೂ ಜಗಳಕ್ಕೆ ನಿಲ್ಲುತ್ತೇನೆ. ಬಾಯಿಬಿಟ್ಟು ಹೇಳಬೇಕಾದವರೆಲ್ಲ ಚಿತ್ರದ ಮೇಲೆ ಭಾರ ಹಾಕಿ ಕೈ ತೊಳೆದುಕೊಂಡರೆ, ಚಿತ್ರ ಏನು ಹೇಳೀತು? ದ್ರಾಕ್ಷಿಗೆ ಎಣಿಸಿ ಇಟ್ಟ ದಿನಗಳನ್ನು ಒಬ್ಬ ಹುಡುಗಿಗೆ ಯಾರೂ ಎಣಿಸಿ ಕೊಡಲಿಲ್ಲ.

ಮೂರನೆಯ ದಿನ ಬಸುರು ತೆಗೆಸುವುದೆಂದು ಅಶ್ವಿನಿಯೇ ಹೇಳಿದಳು. ಗಂಡ ಅವಳ ಪಕ್ಕಕ್ಕೆ ನಿಂತ, ಸುಶೀಲಾಬಾಯಿ ಒಂದು ಮಾತು ಎದುರಾಡಲಿಲ್ಲ. ಆಮೇಲೆ ಹದಿನೈದು ದಿನ ಅವಳು ನಮ್ಮ ಮನೆಯಲ್ಲಿ, ನನ್ನ ಕೋಣೆಯಲ್ಲೇ ಇದ್ದಳು. ತುಟಿಯ ಸೀಳು ಮಾಯುವವರೆಗೆ ಈ ಡಬ್ಬಿಯ ತುಪ್ಪ ಹಚ್ಚಿಕೊಂಡು ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದಳು. ಮುಖ ಮಾತ್ರ ಕನ್ನಡಿಯ ಹಾಗಿತ್ತು. ನೋಡಲು ಬಂದವರೆಲ್ಲ ಅದನ್ನು ಮೆಚ್ಚಿ ಹೋದರು.

ನಾನು ಮಿರಜಿಗೆ ಹೋಗಿ ಚರ್ಮದ ಡಾಕ್ಟರರ ಕೋಣೆಗೆ ಸರದಿ ಇಲ್ಲದೆ ನುಗ್ಗಿದೆ. ಅವರು ಶಾಂತವಾಗಿ ಹಳೆಯ ಕಾಗದ ತೆಗೆಸಿ ತೋರಿಸಿದರು. ಅವಿವಾಹಿತೆ ಎಂದು ಬರೆದಿತ್ತು.

"ನಾ ಕೇಳಿದ್ನೆಲ್ರಿ, ಬಾಯೀ. ನೀವ ಇಲ್ಲ ಅಂದ್ರಿ."

"ಯಾಕ ಕೇಳಿದ್ರಿ ಅಂತ ಯಾಕ ಹೇಳಲಿಲ್ರಿ?"

"ಲಗ್ನಾಗದ ಹುಡಿಗಿ, ಮನಿ ಹಿರ್ಯಾರು ಬಾಜೂಕ ನಿಂತಾರ, ಅಷ್ಟ ಮಂದಿ. ಅಂಥಾ ಮಾತ ಹ್ಯಾಂಗ ಆಡೂದ್ರಿ? ಆಡಿದ್ರ ನೀವ ಸಿಟ್ಟಾಗತಿದ್ರಿ."

ಅವರ ಮಾತು ನಿಜವಾಗಿತ್ತು. ಅವರು ಆ ದಿನ ನನ್ನ ಮುಂದೆ ಅಶ್ವಿನಿಗೆ ಬಸುರಿನ ಮಾತು ಎತ್ತಿದ್ದರೆ, ನಮ್ಮ ಹುಡುಗಿಯನ್ನು ಏನೆಂದು ತಿಳಿದಿದ್ದೀರಿ ಎಂದು ನಾನು ಅವಳ ಕೈಹಿಡಿದು ಎದ್ದು ಬರುತ್ತಿದ್ದೆ. ನಾನು ಸಿಟ್ಟಾಗುತ್ತೇನೆಂದು ಅವರು ಸುಮ್ಮನಿದ್ದರು, ಬೀಗರು ಏನಂದಾರೆಂದು ನಾನು ಕಾಗದ ಬಿಸಾಕಿದೆ. ನಮ್ಮಿಬ್ಬರ ಮರ್ಯಾದೆ ಉಳಿಯಿತು. ಆದರೂ ಅವರನ್ನು ಬಿಟ್ಟುಬಿಡುವಷ್ಟು ಉದಾರಿ ನಾನಲ್ಲ. ಸಿಟ್ಟಾಗುವ ಹಕ್ಕು ನನಗಿತ್ತು, ಸುಮ್ಮನಿರುವ ಹಕ್ಕು ಡಾಕ್ಟರರಿಗೆ ಇರಲಿಲ್ಲ.

ಅಶ್ವಿನಿಗೆ ಈಗ ಮೂರು ವರ್ಷದ ಮಗಳಿದ್ದಾಳೆ. ಎಲ್ಲ ಸರಿಹೋಯಿತಲ್ಲ ಎನ್ನುತ್ತಾರೆ ಜನ. ಎರಡನೆಯದು ಬಂತು, ಅಷ್ಟೇ.

ಹೀಗೆಲ್ಲ ನೆನೆಯುತ್ತ ನೆಲದಲ್ಲಿ ಕೂತವಳು ಕನ್ನಡಕ ಇಳಿಸಿಕೊಂಡು ಸಾನಿಕಾಳ ಚೀಟಿ ಓದಿದೆ. ಐಸೋಟ್ರೆಟಿನಾಯಿನ್. ಈ ಹೆಸರು ಉಚ್ಚರಿಸಲು ನಾನು ಕಲಿತದ್ದು ಆ ವರ್ಷ. ಎದ್ದು ಪಕ್ಕದ ಮನೆಗೆ ಹೋದೆ. ಸಾನಿಕಾಳ ಅಜ್ಜಿ ಸೊಪ್ಪು ಸೋಸುತ್ತಿದ್ದರು, ತಂದೆ ಪೇಪರು ಓದುತ್ತಿದ್ದರು, ತಾಯಿ ಚಹಾ ಸೋಸುತ್ತಿದ್ದಳು. ನಿಂತಲ್ಲೇ ಹೇಳಿದೆ:

"ಸಾನಿಕಾ, ಈ ಗುಳಗಿ ನಾ ತರೂದಿಲ್ಲ. ನೀನ ಡಾಕ್ಟರ ಕಡೆ ಹೋಗಿ, ರಕ್ತಾ ತೋರಿಸಿ ತಗೋ. ತಗೊಳ್ಳೂತನಕ, ಬಿಟ್ಟಮ್ಯಾಲ ಒಂದ ತಿಂಗಳತನಕ, ಬಸರಾಗಬಾರದು. ಆದ್ರ ಕೂಸಿಗೆ ಧಕ್ಕಿ ಐತಿ. ಮನಸ್ಸ ಕುಗ್ಗಿದ್ರ ಅದನ್ನೂ ಡಾಕ್ಟರಿಗೆ ಹೇಳ."

ತಂದೆ ಪೇಪರು ಕೆಳಗಿಳಿಸಿದರು. ತಾಯಿಯ ಮುಖ ಕೆಂಪಾಯಿತು. "ಅಕ್ಕಾ, ಆಕಿಗಿನ್ನೂ ಲಗ್ನ ಆಗಿಲ್ಲ."

"ಗೊತ್ತೈತಿ. ಅದಕ್ಕ ಈಗ ಹೇಳಾಕತ್ತೇನಿ."

ಆಕೆ ನನ್ನ ಕೈಯಿಂದ ಚೀಟಿ ಕಿತ್ತುಕೊಂಡಳು. ಸೋಸಿದ ಚಹಾ ನನಗೆ ಬರಲಿಲ್ಲ. ಇಪ್ಪತ್ತು ವರ್ಷದ ನೆರೆಹೊರೆ ಹೋಯಿತು ಎಂದುಕೊಂಡು ಮನೆಗೆ ಬಂದು ತುಪ್ಪದ ಡಬ್ಬಿ ತಿಕ್ಕಲು ಕೂತೆ. ಬೂದಿ ಹಾಕಿ ಮೂರು ಸಲ ತಿಕ್ಕಿದರೂ ವಾಸನೆ ಹೋಗಲಿಲ್ಲ.

ಅರ್ಧ ತಾಸಾಗಿತ್ತು. ಹಿತ್ತಲ ಬಾಗಿಲಲ್ಲಿ ಸಾನಿಕಾ ಬಂದು ನಿಂತಳು. ಒಬ್ಬಳೇ. ಅದೇ ಚೀಟಿ, ಅದರ ಹಿಂದೆ ಬರೆದುಕೊಳ್ಳಲು ಒಂದು ಪೆನ್ನು.

"ಕಾಕು, ಒಂದ ತಿಂಗಳ ಅಂದ್ರೆಲ್ರಿ" ಎಂದಳು ಮೆಲ್ಲಗೆ. "ಅದನ್ನ ಯಾವಾಗಿನಿಂದ ಎಣಿಸಬೇಕ್ರಿ?"